ಊರೊಟ್ಟಿನ ಹುತ್ತರಿ ಕೂಟ: ಊರಲ್ಲಿರುವವರಿಗೂ ಹೊರದೇಶದಲ್ಲಿರುವವರಿಗೂ ಹೊಂದುವಂತೆ ನಡೆಸುವುದು ಹೇಗೆ?

ಕದಿರುಗದ್ದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಒಂದು ಸಣ್ಣ ಊರು. ಗದ್ದೆ ಪಾಳುಬಿಟ್ಟ ಮನೆಗಳು ಹೆಚ್ಚಾಗಿರುವುದರಿಂದ, ಈ ಸಲ ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಗೆ ಊರಿನವರೆಲ್ಲ ಒಂದೇ ಗದ್ದೆಯಲ್ಲಿ ಸೇರಿ ಕದಿರು (ಹೊಸ ಭತ್ತದ ತೆನೆ) ತೆಗೆಯಬೇಕು, ಆಮೇಲೆ ಊರಿನವರು ಸೇರುವ ಬಯಲಾದ ಮಂದ್‌ನಲ್ಲಿ ಕೋಲಾಟ ಮತ್ತು ಊಟ ಇಟ್ಟುಕೊಳ್ಳಬೇಕು ಎಂದು ಹಿರಿಯರು ತೀರ್ಮಾನಿಸಿ, ಅದರ ಹೊಣೆಯನ್ನು ನಮ್ಮಂಥ ಕೆಲವು ಕಿರಿಯರಿಗೆ ಒಪ್ಪಿಸಿದ್ದಾರೆ. ಬೆಂಗಳೂರು, ಮೈಸೂರಿನವರು ರಜೆ ಸಿಕ್ಕರೆ ಬರುತ್ತಾರೆ. ಆದರೆ ದುಬೈ, ಲಂಡನ್, ಸಿಡ್ನಿ, ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ನಮ್ಮೂರ ಮಕ್ಕಳು ತಮ್ಮನ್ನೂ ಆನ್‌ಲೈನ್ ಮೂಲಕ ಸೇರಿಸಿಕೊಳ್ಳಿ ಎಂದು ಕೇಳುತ್ತಿದ್ದಾರೆ.

ತೊಡಕು ಹಲವು. ನೆರೆ ಕಟ್ಟುವ (ಹಬ್ಬಕ್ಕೆ ತಂದ ಎಲೆಗಳನ್ನು ಕಟ್ಟಾಗಿ ಕಟ್ಟುವ), ಕದಿರು ತೆಗೆಯುವ ಹೊತ್ತನ್ನು ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯಿಸಿ ಪ್ರಕಟಿಸಿದ ಮೇಲೆಯೇ ನಮಗೆ ತಿಳಿಯುತ್ತದೆ. ಗದ್ದೆಯ ಬಯಲಿನಲ್ಲಿ ಸಿಗ್ನಲ್ ಒಮ್ಮೆ ಇದ್ದರೆ ಒಮ್ಮೆ ಇಲ್ಲ. ಕ್ಯಾಮೆರಾ ಬಂದರೆ ಹಬ್ಬ ಹಬ್ಬವಾಗಿ ಉಳಿಯುವುದಿಲ್ಲ ಎಂಬ ಆತಂಕವೂ ಹಿರಿಯರಲ್ಲಿದೆ, ಮತ್ತು ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇಂಥ ಕೂಟ ನಡೆಸಿದವರು ದಯವಿಟ್ಟು ತಿಳಿಸಿ.

ಮಂದ್‌ಪಕ್ಕದ ಮನೆ

ಎರಡು ಕಾರ್ಯಕ್ರಮಗಳನ್ನು ಒಂದಾಗಿಸಲು ಹೋಗಬೇಡಿ ಎಂಬುದೇ ನನ್ನ ಮೊದಲ ಮಾತು. ಕದಿರು ತೆಗೆಯುವುದು ಹುಣ್ಣಿಮೆಯ ರಾತ್ರಿ, ನಿಶ್ಚಯವಾದ ಹೊತ್ತಿಗೆ. ಅದನ್ನು ಯಾರ ಅನುಕೂಲಕ್ಕೂ ಹಿಂದುಮುಂದು ಮಾಡುವಂತಿಲ್ಲ. ರಾತ್ರಿ ಎಂಟು ಗಂಟೆಯ ಸುಮಾರಿಗೆ ಎಂದು ಲೆಕ್ಕ ಹಿಡಿದರೆ ದುಬೈಯಲ್ಲಿ ಸಂಜೆ 6.30, ಲಂಡನ್‌ನಲ್ಲಿ ಮಧ್ಯಾಹ್ನ 2.30, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9.30, ಸಿಡ್ನಿಯಲ್ಲಿ ನಡುರಾತ್ರಿ ಕಳೆದು 1.30. ಹಬ್ಬ ವಾರದ ನಡುವೆ ಬಂದರೆ ಲಂಡನ್ನಿನವರು ಕಚೇರಿಯಲ್ಲಿ, ಅಮೆರಿಕದ ಮಕ್ಕಳು ಶಾಲೆಯಲ್ಲಿ ಇರುತ್ತಾರೆ. ಆದ್ದರಿಂದ ಆ ರಾತ್ರಿಯದ್ದನ್ನು ನೋಡಲು ಸಾಧ್ಯವಾದವರು ನೋಡಲಿ, ಉಳಿದವರಿಗೆ ಮುದ್ರಿಸಿದ ವಿಡಿಯೋ ಕಳುಹಿಸಿ.

ಕೂಡಿ ಮಾತಾಡುವ ಆನ್‌ಲೈನ್ ಕೂಟವನ್ನು ಹಬ್ಬದ ನಂತರದ ಭಾನುವಾರ ಸಂಜೆ ಐದಕ್ಕೆ ಇಡಿ. ಆಗ ಸಿಡ್ನಿಯಲ್ಲಿ ರಾತ್ರಿ 10.30, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 6.30. ಇಬ್ಬರಿಗೂ ಸ್ವಲ್ಪ ಕಷ್ಟ, ಆದರೆ ಇಬ್ಬರೂ ಎಚ್ಚರವಾಗಿರಬಹುದಾದ ಹೊತ್ತು. ಊರಿನ ಕೋಲಾಟವೂ ಅದೇ ಭಾನುವಾರಕ್ಕೆ ಹೊಂದಿದರೆ ಮಂದ್‌ನಿಂದಲೇ ಮಾತಾಡಬಹುದು.

ಸಿಗ್ನಲ್ ಗುಡ್ಡೆ

ತಾಂತ್ರಿಕ ವಿಷಯಕ್ಕೆ ಬರುತ್ತೇನೆ. ಗದ್ದೆಯಿಂದ ನೇರಪ್ರಸಾರ ಮಾಡಲೇಬೇಕೆಂಬ ಹಟ ಬೇಡ. ಸಾಧಾರಣ ಗುಣಮಟ್ಟದ ಪ್ರಸಾರಕ್ಕೂ ಸೆಕೆಂಡಿಗೆ ಮೂರು ಮೆಗಾಬಿಟ್‌ನಷ್ಟು ಅಪ್‌ಲೋಡ್ ವೇಗ ಎಡೆಬಿಡದೆ ಸಿಗಬೇಕು. ಹಗಲು ಒಬ್ಬರೇ ನಿಂತು ಪರೀಕ್ಷಿಸಿದಾಗ ಸಿಗುವ ವೇಗ, ನೂರಾರು ಮೊಬೈಲುಗಳು ಒಂದೇ ಬಯಲಿನಲ್ಲಿ ಸೇರಿದ ರಾತ್ರಿ ಸಿಗುವುದಿಲ್ಲ. ಹತ್ತಿರದ ಮನೆಗೆ ಫೈಬರ್ ಸಂಪರ್ಕವಿದ್ದರೆ ಅಲ್ಲಿಂದ ಗದ್ದೆಯ ಅಂಚಿಗೆ ಕೇಬಲ್ ಎಳೆಯಬಹುದೇ ನೋಡಿ. ಕರೆಂಟು ಹೋದರೆ ಫೈಬರಿನ ಪೆಟ್ಟಿಗೆಯೂ ನಿಲ್ಲುತ್ತದೆ, ಹಾಗಾಗಿ ಅದಕ್ಕೆ ಬೇರೆಯೇ ಬ್ಯಾಟರಿ ಇರಲಿ. ಇದ್ಯಾವುದೂ ಆಗದಿದ್ದರೆ ಮೊಬೈಲಿನಲ್ಲೇ ಮುದ್ರಿಸಿ, ಒಬ್ಬರು ಗುಡ್ಡೆ ಹತ್ತಿ ಅಲ್ಲಿಂದ ಕಳುಹಿಸಿದರೂ ಅರ್ಧ ಗಂಟೆಯಲ್ಲಿ ಎಲ್ಲರಿಗೂ ತಲುಪುತ್ತದೆ.

ಯೂಟ್ಯೂಬ್‌ನಲ್ಲಿ ಮೊದಲ ಸಲ ನೇರಪ್ರಸಾರಕ್ಕೆ ಅನುಮತಿ ತೆರೆದುಕೊಳ್ಳಲು 24 ಗಂಟೆಯವರೆಗೆ ಹಿಡಿಯಬಹುದು. ಮೊಬೈಲಿನಿಂದ ಪ್ರಸಾರ ಮಾಡಲು ವಾಹಿನಿಗೆ ಕನಿಷ್ಠ 50 ಚಂದಾದಾರರೂ ಬೇಕು. ಇದನ್ನು ಹಬ್ಬದ ದಿನ ನೆನಪಿಸಿಕೊಂಡರೆ ಪ್ರಯೋಜನವಿಲ್ಲ. ಭಾನುವಾರದ ಕೂಟಕ್ಕೆ ಜೂಮ್ ಉಚಿತ ಖಾತೆ ಬಳಸಿದರೆ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಒಂದು ತಿಂಗಳ ಶುಲ್ಕ ಕಟ್ಟುವುದೇ ಮೇಲು. ಚಿತ್ರಗೀತೆಗಳನ್ನು ಹಾಕಬೇಡಿ, ಹಕ್ಕುಸ್ವಾಮ್ಯದ ಕಾರಣಕ್ಕೆ ವಿಡಿಯೋದ ಧ್ವನಿಯೇ ಮಾಯವಾಗಬಹುದು. ವಾಲಗದವರ ಮಗ್ಗುಲಲ್ಲೇ ಮೈಕ್ ಇಟ್ಟರೆ ಬೇರೆ ಏನೂ ಕೇಳಿಸದು, ಸ್ವಲ್ಪ ದೂರವಿಡಿ.

ನೆಲ್ಲಕ್ಕಿ ಬೊಳಕ್

ಹಿರಿಯರ ಆತಂಕದ ಬಗ್ಗೆ ನಾನೂ ಹಿರಿಯನಾಗಿಯೇ ಬರೆಯುತ್ತಿದ್ದೇನೆ. ಅವರೊಡನೆ ಕುಳಿತು, ಕ್ಯಾಮೆರಾ ಎಲ್ಲಿಯವರೆಗೆ ಬರಬಹುದು ಎಂಬುದನ್ನು ಮೊದಲೇ ಒಪ್ಪಿಕೊಳ್ಳಿ. ನಮ್ಮ ಕಡೆ ಆದ ಒಪ್ಪಂದವನ್ನು ಹೇಳುತ್ತೇನೆ: ಐನ್‌ಮನೆಯ (ಕುಲದ ಮೂಲಮನೆಯ) ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ದೀಪವಿರುವ ನಡುಮನೆಯಲ್ಲಿ, ಗುರುಕಾರೋಣರನ್ನು (ಕುಲದ ಪೂರ್ವಿಕರನ್ನು) ನೆನೆದು ನೆರೆ ಕಟ್ಟುವಾಗ ಚಿತ್ರೀಕರಣವಿಲ್ಲ. ದೀಪ ಹಿಡಿದು ಹೊರಟವರು ಅಂಗಳ ದಾಟಿದ ಮೇಲೆ ಒಂದೇ ಕ್ಯಾಮೆರಾ, ಅದೂ ಗದ್ದೆಯ ಬದುವಿನ ಮೇಲೆ ಒಂದೇ ಕಡೆ ನಿಲ್ಲುತ್ತದೆ. ಕದಿರು ಕೊಯ್ಯುವವನ ಮುಖಕ್ಕೆ ದೊಡ್ಡ ಬೆಳಕು ಬಿಡುವುದಿಲ್ಲ. ಹುಣ್ಣಿಮೆಯ ಬೆಳಕು ಮತ್ತು ಕೈದೀಪದಲ್ಲಿ ಚಿತ್ರ ಮಸುಕಾಗಿ ಬಂದರೂ, "ಪೊಲಿ ಪೊಲಿ ದೇವಾ" ಎಂದು ಎಲ್ಲರೂ ಒಟ್ಟಿಗೆ ಕೂಗುವ ದನಿ ಸ್ಪಷ್ಟವಾಗಿ ಬಂದರೆ ದೂರದಲ್ಲಿರುವವರಿಗೆ ಅದೇ ಬೇಕಾದದ್ದು. ಯಾರಾದರೂ ಇನ್ನೊಮ್ಮೆ ಕೊಯ್ಯಿರಿ, ಚಿತ್ರ ಸರಿಯಾಗಲಿಲ್ಲ ಎಂದರೆ ಅದಕ್ಕೆ ಒಪ್ಪಲೇಬೇಡಿ.

ಊಟದ ಲೆಕ್ಕದಲ್ಲಿ ಲೈನ್‌ಮನೆಗಳಲ್ಲಿರುವ ತೋಟದ ಕೆಲಸಗಾರರ ಕುಟುಂಬಗಳನ್ನು ಸೇರಿಸಿಕೊಳ್ಳಿ. ಹುತ್ತರಿ ಬರುವುದೇ ಅರೇಬಿಕಾ ಕಾಫಿ ಕುಯ್ಲಿನ ಹೊತ್ತಿಗೆ, ಊರು ನಡೆಯುತ್ತಿರುವುದೇ ಅವರಿಂದ. ಪರದೇಶದವರನ್ನು ಪರದೆಯ ಮೇಲೆ ಕರೆತರಲು ಇಷ್ಟು ಶ್ರಮಪಡುವವರು ಪಕ್ಕದ ಲೈನ್‌ನವರನ್ನು ಕರೆಯದಿದ್ದರೆ ಅದು ಊರೊಟ್ಟಿನ ಕೂಟ ಎನಿಸಿಕೊಳ್ಳುವುದಿಲ್ಲ.

ದೂರದ ಒಕ್ಕ

ಆನ್‌ಲೈನ್‌ನಲ್ಲಿ ಸೇರುವವರ ಪರವಾಗಿ ನನ್ನದೊಂದು ಕೋರಿಕೆ. ನಾನಿರುವುದು ಲಂಡನ್ನಿನಲ್ಲಿ. ಎರಡು ಗಂಟೆ ಸುಮ್ಮನೆ ನೋಡುತ್ತ ಕೂರುವುದು ನಮಗೆ ಬೇಡ, ನಮಗೂ ಒಂದು ಕೆಲಸ ಕೊಡಿ. ಆ ಭಾನುವಾರ ಒಬ್ಬ ಹಿರಿಯರು ಊರಿನ ಗದ್ದೆಗಳ ಹೆಸರು, ಯಾವ ಕಾಲದಲ್ಲಿ ಎಲ್ಲೆಲ್ಲಿ ನಾಟಿ ನಡೆಯುತ್ತಿತ್ತು ಎಂಬುದನ್ನು ಕಾಲು ಗಂಟೆ ಹೇಳಲಿ, ನಮ್ಮ ಮಕ್ಕಳು ಪ್ರಶ್ನೆ ಕೇಳಲಿ. ತಂಬಿಟ್ಟು ಕಲಸುವುದನ್ನು ಯಾರಾದರೂ ಅಡುಗೆಮನೆಯಿಂದಲೇ ತೋರಿಸಲಿ. ಬಾಳೆಹಣ್ಣು ಎಷ್ಟು ಮಾಗಿರಬೇಕು, ಹುರಿದ ಅಕ್ಕಿಹಿಟ್ಟನ್ನು ಯಾವ ಹದಕ್ಕೆ ಸೇರಿಸಬೇಕು ಎಂಬುದನ್ನು ಕಣ್ಣಲ್ಲಿ ಕಾಣದೆ ಕಲಿಯಲಾಗುವುದಿಲ್ಲ. ನನ್ನ ಮಗಳು ಇಲ್ಲಿಯ ಬಾಳೆಹಣ್ಣಿನಲ್ಲಿ ಮಾಡಿ, ಅದು ಕೈಗೆ ಅಂಟುತ್ತಿದ್ದುದನ್ನು ಅಜ್ಜಿಗೆ ತೋರಿಸಿದಾಗ, ಇನ್ನೊಂದು ಹಿಡಿ ಹಿಟ್ಟು ಹಾಕು ಎಂದು ಅವರು ಅಲ್ಲಿಂದಲೇ ಹೇಳಿದರು.

ಕೂಟವನ್ನು ನಡೆಸಿಕೊಡುವ ಹೊಣೆಯನ್ನೂ ಹೊರಗಿರುವ ಒಬ್ಬರಿಗೇ ವಹಿಸಿ. ಮಂದ್‌ನಲ್ಲಿ ಓಡಾಡುತ್ತಿರುವ ನಿಮಗೆ, ಯಾರು ಮಾತಾಡಲು ಕಾಯುತ್ತಿದ್ದಾರೆ ಎಂದು ಪರದೆ ನೋಡುತ್ತಿರಲು ಆಗುವುದಿಲ್ಲ.

ಕದಿರುಗದ್ದೆ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಕದಿರಿನ ರಾತ್ರಿ ಬದುವಿನ ಮೇಲೆ ಒಂದೇ ಕ್ಯಾಮೆರಾ, ಭಾನುವಾರ ಐದಕ್ಕೆ ಕೂಟ ಎಂಬುದನ್ನು ಹಿರಿಯರ ಮುಂದಿಟ್ಟೆ. ನಡುಬಾಡೆಯಲ್ಲಿ ಚಿತ್ರೀಕರಣವಿಲ್ಲ ಎಂದು ತಿಳಿದ ಮೇಲೆ ಅವರು ಒಪ್ಪಿದರು. ಲೈನ್‌ಮನೆಗಳಿಗೆ ನಾವೇ ಹೋಗಿ ಕರೆಯುತ್ತೇವೆ. ಧ್ವನಿವರ್ಧಕವನ್ನು ರಾತ್ರಿ ಹತ್ತರ ನಂತರ ಬಳಸುವಂತಿಲ್ಲವಾದ್ದರಿಂದ ಅದನ್ನು ಮಂದ್‌ಗಷ್ಟೇ ಇಟ್ಟುಕೊಂಡು, ಪೊಲೀಸ್ ಠಾಣೆಗೆ ಅರ್ಜಿ ಕೊಡುತ್ತಿದ್ದೇವೆ. ಭಾನುವಾರದ ಕೂಟ ನಡೆಸಿಕೊಡಲು ದೂರದ ಒಕ್ಕ ಅವರೇ ಒಪ್ಪುವಿರಾ? ಒಪ್ಪಿದರೆ ತಂಬಿಟ್ಟಿನ ಭಾಗವನ್ನು ನಮ್ಮ ಅಡುಗೆಮನೆಯಿಂದಲೇ ತೋರಿಸಲು ಅಮ್ಮ ಸಿದ್ಧರಿದ್ದಾರೆ.