ಚಿಕ್ಕಮ್ಮ, ಕುತ್ತಿಗೆಗಿಂತ ಜ್ವರದ ಕಡೆ ಗಮನ ಇರಲಿ

ಚಿಕ್ಕಮ್ಮ, ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಹುಡುಗನಿಗೆ ಹೋದ ವಾರ ಮಾನಸಿಕ ಕಾಯಿಲೆಗೆ ಹೊಸ ಮಾತ್ರೆ ಶುರುವಾಯಿತು, ನಿನ್ನೆ ಕತ್ತು ತಿರುಚಿಕೊಂಡಿತು, ಕಣ್ಣು ಮೇಲಕ್ಕೆ ನಿಂತುಬಿಟ್ಟವು, ಸಕಲೇಶಪುರದಲ್ಲಿ ಇಂಜೆಕ್ಷನ್ ಹಾಕಿದ ಮೇಲೆ ಸರಿಹೋಯಿತು ಅಂದಿರಿ. ಅಜ್ಜಿ ಗಾಳಿ ಸೋಕಿದೆ ಅನ್ನುತ್ತಾರೆ, ಮಾವ ಮಾತ್ರೆಯೇ ಬೇಡ ಅನ್ನುತ್ತಾರೆ. ಎರಡೂ ಅಲ್ಲ.

ಹಾಲೊಪೆರಿಡಾಲ್ ತರಹದ ಮಾತ್ರೆಗೆ, ಅದರಲ್ಲೂ ಪ್ರಾಯದ ಹುಡುಗರಿಗೆ, ಮೊದಲ ಕೆಲವು ದಿನ ಹೀಗಾಗುವುದುಂಟು. ವಾಂತಿಗೆ ಕೊಡುವ ಪೆರಿನಾರ್ಮ್‌ನಿಂದಲೂ ಆಗುತ್ತೆ, ಅದಕ್ಕೂ ಗಾಳಿಗೂ ಏನು ಸಂಬಂಧ ಅಜ್ಜಿ? ನೋಡೋಕೆ ಭಯಂಕರ, ಆದರೆ ಇಂಜೆಕ್ಷನ್‌ಗೆ ಬೇಗ ಇಳಿಯುತ್ತೆ. ಮತ್ತೆ ಬರಬಹುದು, ಈ ತಿರುಚು ತಡೆಯುವ ಪ್ಯಾಸಿಟೇನ್ ಮಾತ್ರೆ ಬರೆದುಕೊಟ್ಟಿದ್ದರೆ ತಪ್ಪಿಸಬೇಡಿ. ಗಂಟಲು ಬಿಗಿದು ಉಸಿರು ಕಷ್ಟವಾದರಂತೂ ತಕ್ಷಣ ಓಡಬೇಕು.

ನನಗೆ ಜಾಸ್ತಿ ಹೆದರಿಕೆ ಜ್ವರದ್ದು. ಈಗ ಮಳೆಗಾಲ, ತೋಟದ ಲೈನ್ ಮನೆಗಳಲ್ಲೆಲ್ಲ ಜ್ವರ. ಇವನಿಗೂ ಬಂದರೆ ಡೋಲೊ ಕೊಟ್ಟು, ಕಷಾಯ ಕುಡಿಸಿ, ಕಂಬಳಿ ಹೊದಿಸಿಬಿಡುತ್ತೀರಿ, ಅಲ್ವಾ? ಮೊದಲು ಅವನ ಕೈ ಮಡಿಸಿ ನೋಡಿ. ಮರದ ಕೊರಡಿನ ಹಾಗೆ ಬಗ್ಗದೆ ನಿಲ್ಲುತ್ತಾ? ಬೆವರು ಸುರಿಯುತ್ತಿದೆಯಾ? ಕರೆದರೆ ಗುರುತು ಹಿಡಿಯುತ್ತಾನಾ, ಮಾತು ಎಲ್ಲೆಲ್ಲಿಗೋ ಹೋಗುತ್ತಾ? ಮೂತ್ರ ಕಂದು ಬಣ್ಣಕ್ಕೆ ತಿರುಗಿದೆಯಾ? ಜ್ವರದ ಜೊತೆ ಮೈ ಬಿಗಿತವೋ ಮಂಕೋ ಕಂಡರೆ ಮುಂದಿನ ಮಾತ್ರೆ ಕೊಡಬೇಡಿ, ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಹೋಗಿ. ಅಲ್ಲಿಂದ ಹಾಸನದ ದೊಡ್ಡಾಸ್ಪತ್ರೆ ಹಿಮ್ಸ್‌ಗೆ ಕಳಿಸಿದರೆ ತಡಮಾಡದೆ ಹೊರಡಿ, ಐಸಿಯು ಬೇಕಾಗಬಹುದು. ಇಂಥ ಮಾತ್ರೆಯಿಂದಲೇ ಬರುವ ಈ ತೊಂದರೆಗೆ ಎನ್‌ಎಂಎಸ್ (ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್) ಅನ್ನುತ್ತಾರೆ. ಅಪರೂಪ, ಆದರೆ ಜೀವಕ್ಕೇ ಕುತ್ತು, ಕಿಡ್ನಿಯೂ ಕೆಡಬಹುದು. ಸಾಮಾನ್ಯವಾಗಿ ಬರುವುದು ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ಮೊದಲ ಎರಡು ವಾರದಲ್ಲಿ.

ಡಾಕ್ಟರ ಮುಂದೆ ಬರೀ ಜ್ವರ ಅನ್ನಬೇಡಿ. ಮಾತ್ರೆಯ ಶೀಟ್ ತೋರಿಸಿ. ನಾಲ್ಕು ಜನ ಏನಂದುಕೊಳ್ಳುತ್ತಾರೋ ಅಂತ ಮುಚ್ಚಿಟ್ಟರೆ ಅವರು ಡೆಂಗಿ ಟೆಸ್ಟ್ ಬರೆದು ಕಾಯುತ್ತಾರೆ. ಸ್ನಾಯುಗಳಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಸಿಪಿಕೆ ರಕ್ತ ಪರೀಕ್ಷೆ ಬೇಕಾ ಅಂತ ನೀವೇ ಕೇಳಿ.

ಮಾವ, ಜ್ವರ ಬಿಗಿತ ಏನೂ ಇಲ್ಲದಾಗ ಸುಮ್ನೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಬೇರೆ ಮಾತ್ರೆ ಇವೆ, ಡೋಸ್ ಇಳಿಸಬಹುದು, ಅದನ್ನು ಬರೆದ ಡಾಕ್ಟರೇ ಮಾಡಲಿ. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಚೀಟಿಯ ಫೋಟೊ ಗುಂಪಿಗೆ ಹಾಕಬೇಡಿ ಚಿಕ್ಕಮ್ಮ, ನನಗೊಬ್ಬಳಿಗೇ ಕಳಿಸಿ. ಒಂಬತ್ತರವರೆಗೆ ಮೆಡಿಕಲ್ಸ್‌ನಲ್ಲೇ ಇರುತ್ತೇನೆ, ಯಾವ ಮಾತ್ರೆ ಅಂತ ನೋಡಿ ಫೋನ್ ಮಾಡುತ್ತೇನೆ.