ಸಹಾಯ ಬೇಕು: 16 ಇಂಚಿನ ಹಲಸಿನ ಹರಿವಾಣ ಲೇತ್‌ನಲ್ಲಿ ಗಟ್ಟಿಯಾಗಿ ನಿಲ್ಲುತ್ತಿಲ್ಲ

ನಮಸ್ಕಾರ. ಹಿತ್ತಲಲ್ಲಿ ಬಿದ್ದ ಹಲಸಿನ ಮರದಿಂದ ತಂಗಿಯ ಮದುವೆಗೆ ಲೇತ್‌ನಲ್ಲಿ (ಮರವನ್ನು ಗಿರಗಿರ ತಿರುಗಿಸುವ ಕಡೆಯುವ ಯಂತ್ರ) ಹರಿವಾಣ ಕಡೆಯುತ್ತಿದ್ದೇನೆ. ಅಗಲ 16 ಇಂಚು, ದಪ್ಪ ಒಂದೂವರೆ ಇಂಚು.

ಮೇಲ್ಮುಖ ಹೇಗೂ ಆಮೇಲೆ ಕಡೆದು ಹೋಗುತ್ತದೆ ಅಂತ ಅಲ್ಲಿ ಫೇಸ್‌ಪ್ಲೇಟ್‌ಗೆ (ಲೇತ್‌ನ ತಿರುಗುವ ತುದಿಗೆ ಕೂರುವ ಲೋಹದ ತಟ್ಟೆ) ಸ್ಕ್ರೂ ಹಾಕಿ ತಳ ಮುಗಿಸಿದೆ. ಚೆನ್ನಾಗೇ ಬಂತು. ತಳದಲ್ಲಿ 2 ಇಂಚು ಅಗಲದ ಕುಳಿ ತೆಗೆದು, ತಿರುಗಿಸಿ, ಚಕ್‌ನ (ಅದೇ ತುದಿಗೆ ಕೂತು ಮರವನ್ನು ಹಿಡಿಯುವ ಸಾಧನ) ಹಲ್ಲುಗಳನ್ನು ಒಳಗಿನಿಂದ ಅಗಲಿಸಿ ಹಿಡಿಸಿದೆ. ಅಂಚಿಗೆ ಉಳಿ ಇಟ್ಟ ಕೂಡಲೇ ಇಡೀ ಹರಿವಾಣ ನಡುಗಿತು. ನಿಲ್ಲಿಸಿ ನೋಡಿದರೆ ಕುಳಿಯ ಅಂಚಲ್ಲಿ, ಮರದ ಎಳೆ ಹಿಡಿದು, ಕೂದಲಿನಷ್ಟು ಸಣ್ಣ ಬಿರುಕು. ವೇಗ ನಿಮಿಷಕ್ಕೆ 400 ಸುತ್ತಿಗೆ ಇಳಿಸಿದೆ, ಟೇಲ್‌ಸ್ಟಾಕ್ (ಎದುರು ತುದಿಯಿಂದ ಮರವನ್ನು ಒತ್ತಿ ಹಿಡಿಯುವ ಭಾಗ) ಒತ್ತು ಕೊಟ್ಟೆ. ನಡುಕ ಕಡಿಮೆಯಾಯಿತು, ಆದರೂ ಧೈರ್ಯ ಬರುತ್ತಿಲ್ಲ. ಇಷ್ಟು ದೊಡ್ಡ ಮರ ಕಳಚಿ ಹಾರಿದರೆ ಮುಖಕ್ಕೇ ಬರುತ್ತದೆ, ಅಲ್ವಾ?

ಬಿರುಕು ಪೂರ್ತಿ ಹೋಗುವಂತೆ ಕುಳಿಯನ್ನು 4 ಇಂಚಿಗೆ ಅಗಲಿಸಿ ದೊಡ್ಡ ಹಲ್ಲು ಹಾಕಲಾ? ಇಲ್ಲ, ತಳಕ್ಕೆ ಬೇರೆ ಮರದ ತುಂಡು ಅಂಟಿಸಿ ಅದಕ್ಕೇ ಫೇಸ್‌ಪ್ಲೇಟ್ ಹಾಕಲಾ? ದೊಡ್ಡ ಹರಿವಾಣ ಕಡೆದವರು ದಯವಿಟ್ಟು ಹೇಳಿ, ಎರಡರಲ್ಲಿ ಯಾವುದು ಸೇಫ್? ಅಂಟಿಸುವುದಾದರೆ ಆ ತುಂಡು ಎಷ್ಟು ಅಗಲ ಇರಬೇಕು?