ಉಪ್ಪಿನಕಾಯಿ ಮಾರಾಟಕ್ಕೆ ಸರಳ ಆರ್ಡರ್ ಫಾರ್ಮ್: ಮಾಡಿ ನೋಡಿದವರು ಹೇಳಿ

ಪ್ರಶ್ನೆ: ನಮ್ಮ ಅತ್ತಿಗೆ ಸಾಗರದ ಹತ್ತಿರ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಚಿಕ್ಕ ವೆಬ್‌ಸೈಟನ್ನು ನಾನೇ ಎಚ್‌ಟಿಎಂಎಲ್‌ನಲ್ಲಿ ಬರೆದುಕೊಟ್ಟಿದ್ದೇನೆ. ಈಗ ಆರ್ಡರ್ ಫಾರ್ಮ್ ಬೇಕು. ಪೇಮೆಂಟ್ ಗೇಟ್‌ವೇ ಬೇಡ. ಆರ್ಡರ್ ಬಂದ ಮೇಲೆ ಅತ್ತಿಗೆ ಫೋನ್ ಮಾಡಿ, ಯುಪಿಐನಲ್ಲಿ ದುಡ್ಡು ಹಾಕಿಸಿಕೊಂಡು ಪಾರ್ಸೆಲ್ ಕಳಿಸುತ್ತಾರೆ. ಫಾರ್ಮಿನ ಆಕ್ಷನ್‌ಗೆ (ತುಂಬಿದ್ದು ಎಲ್ಲಿಗೆ ಹೋಗಬೇಕು ಎಂದು ಬರೆಯುವ ಜಾಗ) ಮೇಲ್‌ಟು, ಅಂದರೆ ಇಮೇಲ್ ವಿಳಾಸದ ಕೊಂಡಿ, ಹಾಕಿದರೆ ಸಾಕಾ?

ಉತ್ತರ: ಸಾಲದು. ಮೇಲ್‌ಟು ಹಾಕಿದರೆ ಫಾರ್ಮ್ ತಾನಾಗಿ ಏನನ್ನೂ ಕಳಿಸುವುದಿಲ್ಲ, ಗಿರಾಕಿಯ ಮೊಬೈಲಿನ ಮೇಲ್ ಆ್ಯಪ್ ತೆರೆಯುತ್ತದೆ ಅಷ್ಟೆ. ಅಲ್ಲಿ ಮತ್ತೆ ಸೆಂಡ್ ಒತ್ತಬೇಕು. ಬಹಳ ಜನ ಅಲ್ಲೇ ಕೈಬಿಡುತ್ತಾರೆ.

ಫಾರ್ಮ್ ಮಾಹಿತಿ ಕೇಳುತ್ತದೆ, ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ಸರ್ವರಿನಲ್ಲಿ ಒಂದು ಸ್ಕ್ರಿಪ್ಟ್ ಬೇಕೇ ಬೇಕು. ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ (ಸರ್ವರಿನಲ್ಲಿ ಓಡುವ ಸ್ಕ್ರಿಪ್ಟ್ ಭಾಷೆ) ಇದ್ದರೆ ಚಿಕ್ಕದೊಂದು ಫೈಲ್ ಸಾಕು. ಇಲ್ಲದಿದ್ದರೆ ಫಾರ್ಮಿನಲ್ಲಿ ತುಂಬಿದ್ದನ್ನು ತಾನೇ ಪಡೆದು ನಿಮಗೆ ಇಮೇಲ್ ಮಾಡುವ ಫಾರ್ಮ್‌ಸ್ಪ್ರೀ ತರಹದ ಸೇವೆ ನೋಡಿ. ಫಾರ್ಮಿನ ಮೆಥಡ್ (ಮಾಹಿತಿ ಕಳಿಸುವ ರೀತಿ) ಪೋಸ್ಟ್ ಎಂದೇ ಬರೆಯಿರಿ. ಬರೆಯದೆ ಬಿಟ್ಟರೆ ಅದು ಗೆಟ್ ಆಗುತ್ತದೆ, ಗಿರಾಕಿಯ ಫೋನು, ಮನೆ ವಿಳಾಸ ಎಲ್ಲ ಅಡ್ರೆಸ್ ಬಾರಿಗೆ ಬಂದು ಹಿಸ್ಟರಿಯಲ್ಲೂ ಉಳಿಯುತ್ತದೆ.

ಪ್ರತಿ ಖಾನೆಗೂ ನೇಮ್ ಕೊಡಿ. ಐಡಿ ಇದ್ದು ನೇಮ್ ಇಲ್ಲದಿದ್ದರೆ ಅದರಲ್ಲಿ ಬರೆದದ್ದು ಸರ್ವರಿಗೆ ಹೋಗುವುದೇ ಇಲ್ಲ. "ಎಲ್ಲ ಬರ್ತಿದೆ, ಫೋನ್ ನಂಬರ್ ಮಾತ್ರ ಖಾಲಿ" ಎಂದು ಯಾರಾದರೂ ಬಂದರೆ ನಾನು ಮೊದಲು ನೋಡುವುದು ಇದನ್ನೇ.

ಇನ್ನು ಮೇಲ್ ವಿಷಯ. ಫ್ರಮ್ ವಿಳಾಸ ನಿಮ್ಮ ಡೊಮೇನಿನದೇ ಇರಲಿ, ಗಿರಾಕಿಯದು ರಿಪ್ಲೈ-ಟು (ಉತ್ತರ ಹೋಗುವ ವಿಳಾಸ) ಆಗಲಿ. ಗಿರಾಕಿಯ ಜಿಮೇಲ್ ವಿಳಾಸವನ್ನೇ ಫ್ರಮ್‌ಗೆ ಹಾಕಿದರೆ, ಜಿಮೇಲ್ ಹೆಸರಿನಲ್ಲಿ ಬೇರೆ ಯಾವುದೋ ಸರ್ವರ್ ಕಳಿಸಿದೆ ಎಂದು ಅದು ಸ್ಪ್ಯಾಮ್‌ಗೆ ಹೋಗುವ ಸಾಧ್ಯತೆ ಹೆಚ್ಚು. ಅತ್ತಿಗೆಗೆ ಆರ್ಡರ್ ಕಾಣುವುದಿಲ್ಲ, ಅತ್ತ ಗಿರಾಕಿ ಕಾಯುತ್ತಿರುತ್ತಾರೆ. ಆದ್ದರಿಂದ ಮೇಲ್ ಜೊತೆಗೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಫೈಲಿಗೂ ಬರೆಸಿ. ಆ ಫೈಲು ಬ್ರೌಸರಿನಿಂದ ತೆರೆಯಲಾಗದ ಫೋಲ್ಡರಿನಲ್ಲಿರಬೇಕು, ಅದರಲ್ಲಿರುವುದು ಜನರ ಮನೆ ವಿಳಾಸ.

ಉತ್ತರ: ನಾವು ಚಿಕ್ಕಮಗಳೂರಿನಿಂದ ಕಾಫಿಪುಡಿ ಕಳಿಸುವವರು. ಖಾನೆಗಳ ಬಗ್ಗೆ ಹೇಳುತ್ತೇನೆ.

ಪಿನ್‌ಕೋಡಿಗೆ ಟೈಪ್ ನಂಬರ್ ಬೇಡ. ಲ್ಯಾಪ್‌ಟಾಪಿನಲ್ಲಿ ಕೈತಪ್ಪಿ ಬಾಣದ ಕೀ ಒತ್ತಿದರೆ ಬಸವನಗುಡಿಯ 560004 ಹೋಗಿ ಫ್ರೇಜರ್ ಟೌನಿನ 560005 ಆಗಿಬಿಡುತ್ತದೆ, ಪಾರ್ಸೆಲ್ ಊರೆಲ್ಲ ಸುತ್ತುತ್ತದೆ. ಟೈಪ್ ಟೆಕ್ಸ್ಟ್ ಇಟ್ಟು ಇನ್‌ಪುಟ್‌ಮೋಡ್ ನ್ಯೂಮರಿಕ್ ಕೊಡಿ. ಮೊಬೈಲಿನಲ್ಲಿ ಅಂಕಿಯ ಕೀಬೋರ್ಡೇ ಬರುತ್ತದೆ. ಪ್ಯಾಟರ್ನ್‌ನಲ್ಲಿ (ಖಾನೆಯಲ್ಲಿ ಏನು ಬರೆಯಬಹುದು ಎಂಬ ನಿಯಮ) ಆರು ಅಂಕಿ, ಮೊದಲನೆಯದು ಸೊನ್ನೆ ಆಗಬಾರದು. ಫೋನಿಗೆ ಟೈಪ್ ಟೆಲ್. ಜನ +91 ಸೇರಿಸುತ್ತಾರೆ, ನಡುವೆ ಜಾಗ ಬಿಡುತ್ತಾರೆ. ಅವರನ್ನು ತಡೆಯಬೇಡಿ, ಸರ್ವರಿನಲ್ಲಿ ಸರಿಮಾಡಿಕೊಳ್ಳಿ.

"ಹತ್ತಿರದ ಗುರುತು" ಎಂಬ ಖಾನೆ ಇರಲೇಬೇಕು. "ಗಣಪತಿ ದೇವಸ್ಥಾನದ ಹಿಂದೆ, ಹಸಿರು ಗೇಟು" ಅಂತ ಬರೆದಿದ್ದರೆ ಕೊರಿಯರ್ ಹುಡುಗನಿಗೆ ಡೋರ್ ನಂಬರಿಗಿಂತ ಅದೇ ಉಪಯೋಗ. ಇಮೇಲ್ ಕಡ್ಡಾಯ ಮಾಡಬೇಡಿ. ಹಿರಿಯರು ಅಲ್ಲೇ ನಿಂತುಬಿಡುತ್ತಾರೆ, ನಿಮಗೆ ಹೇಗೂ ಫೋನ್ ಸಾಕು.

ಉತ್ತರ: ಒಟ್ಟು ಮೊತ್ತ ತೋರಿಸುವುದಾದರೆ ದರವನ್ನು ಹಿಡನ್ (ಪುಟದಲ್ಲಿ ಕಾಣದ) ಖಾನೆಯಿಂದ ತೆಗೆದುಕೊಳ್ಳಬೇಡಿ. ಬ್ರೌಸರಿನಲ್ಲಿರುವುದನ್ನು ಯಾರು ಬೇಕಾದರೂ ತಿದ್ದಬಹುದು. ಫಾರ್ಮಿನಿಂದ ಬರಬೇಕಾದ್ದು ಯಾವ ವಸ್ತು, ಎಷ್ಟು ಎಂಬುದು ಮಾತ್ರ. ಲೆಕ್ಕ ಸರ್ವರಿನಲ್ಲಿ ಆಗಲಿ. ರಿಕ್ವೈರ್ಡ್ (ಕಡ್ಡಾಯ) ಹಾಕಿದ ಖಾನೆಗಳನ್ನೂ ಅಲ್ಲಿ ಮತ್ತೊಮ್ಮೆ ಪರೀಕ್ಷಿಸಿ. ಆರ್ಡರ್ ಸೇರಿದ ಕೂಡಲೇ "ಆರ್ಡರ್ ತಲುಪಿದೆ, ಫೋನ್ ಮಾಡುತ್ತೇವೆ" ಎಂಬ ಬೇರೆ ಪುಟಕ್ಕೆ ರೀಡೈರೆಕ್ಟ್ ಮಾಡಿ. ಇಲ್ಲದಿದ್ದರೆ ರಿಫ್ರೆಶ್ ಮಾಡಿದಾಗ ಅದೇ ಆರ್ಡರ್ ಎರಡನೇ ಸಲ ಬರಬಹುದು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ಪಿಎಚ್‌ಪಿ ಇದೆ, ಅದರಲ್ಲೇ ಮಾಡುತ್ತೇನೆ. ಊರಿನವರು ವಿಳಾಸ ಕನ್ನಡದಲ್ಲೇ ಬರೆದರೆ ತೊಂದರೆ ಆಗುತ್ತದಾ?

ಉತ್ತರ: ಆಗುವುದಿಲ್ಲ, ಬರೆಯಲಿ. ಪುಟದ ಮೆಟಾ ಚಾರ್‌ಸೆಟ್, ಇಮೇಲಿನ ಕಂಟೆಂಟ್-ಟೈಪ್ ಎರಡರಲ್ಲೂ ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗೆ ಆಗುವ ಅಕ್ಷರ ಸಂಕೇತ) ಇರಲಿ. ಸಿಎಸ್‌ವಿಯನ್ನು ನೇರ ಎಕ್ಸೆಲ್‌ನಲ್ಲಿ ತೆರೆದಾಗ ಅಕ್ಷರ ಕಲಸಿಹೋದರೆ ಹೆದರಬೇಡಿ, ಫೈಲು ಸರಿಯಾಗೇ ಇರುತ್ತದೆ. ಫೈಲಿನ ಶುರುವಿಗೆ ಬಿಒಎಂ (ಇದು ಯುಟಿಎಫ್-8 ಎಂದು ಎಕ್ಸೆಲ್‌ಗೆ ತಿಳಿಸುವ ಗುರುತು) ಸೇರಿಸಿ, ಇಲ್ಲವೇ ಗೂಗಲ್ ಶೀಟ್ಸ್‌ಗೆ ಇಂಪೋರ್ಟ್ ಮಾಡಿ. ಅತ್ತಿಗೆ ಮೊಬೈಲಿನಲ್ಲೇ ನೋಡುವವರಾದರೆ ಶೀಟ್ಸೇ ಅನುಕೂಲ.